ಏಳನೇ ನಂಬರಿನ ಮರ

ಸುದರ್ಶನನ ಬಾಳಿಗೆ ಮುಳುವಾದದ್ದು ಒಂದು ಮರ. ಅದು ಯಾವ ಮರವೆಂದು ಅವನಿಗೆ ಗೊತ್ತಿರಲಿಲ್ಲ. ಮುಳುವಾದದ್ದೂ ಅದಕ್ಕೇ.

ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ದಾರಿಯಲ್ಲಿ ಬಲಕ್ಕೆ ಹೊರಳಿದರೆ ಮಾರೇಗೌಡನಕೊಪ್ಪಲು ಸಿಗುತ್ತದೆ. ಅಲ್ಲಿನ ಶಾಲೆಯಲ್ಲಿ ಮೂರು ವಾರದ ಹಿಂದೆ ಅವನ ಬಿ.ಎಡ್. ಕೊನೆಯ ಪಾಠವಿತ್ತು. ವಿಷಯ ಪರಿಸರ. ಚಾರ್ಟು ಬರೆದಿದ್ದ, ಬಣ್ಣದ ರಟ್ಟಿನಲ್ಲಿ ಸೂರ್ಯನನ್ನು ಕತ್ತರಿಸಿದ್ದ, ಆಹಾರ ಸರಪಳಿ ಮನದಟ್ಟಾಗಲೆಂದು ಮನೆಯ ಬಾವಿಯ ಸರಪಳಿಯನ್ನೇ ಹೊತ್ತು ತಂದಿದ್ದ. ಪರೀಕ್ಷಕರಾಗಿ ಬಂದಿದ್ದ ಸುಬ್ಬಣ್ಣನವರು ಹಿಂದಿನ ಬೆಂಚಿನಲ್ಲಿ ಕೂತು ತಲೆದೂಗುತ್ತಲೂ ಇದ್ದರು. ಎಲ್ಲ ಸುಸೂತ್ರವಾಗಿ ಮುಗಿಯಿತು ಅನ್ನುವಷ್ಟರಲ್ಲಿ ಶ್ವೇತ ಎಂಬ ಹುಡುಗಿ ಎದ್ದು ಕಿಟಕಿಯತ್ತ ಕೈ ತೋರಿಸಿದಳು.

“ಸಾ, ಪರಿಸರ ಅಂದ್ರೆ ನಮ್ ಸುತ್ತಮುತ್ತ ಇರಾದು ಅಂದ್ರಲ್ಲ. ಅಲ್ ನಿಂತದಲ್ಲ, ಅದ್ಯಾವ್ ಮರ ಸಾ?”

ಶ್ವೇತಳಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಮೇಷ್ಟ್ರಿಗೆ ಗೊತ್ತೋ ಇಲ್ಲವೋ ನೋಡಬೇಕಿತ್ತು, ಅಷ್ಟೆ.

ಸುದರ್ಶನ ಕಿಟಕಿಯಾಚೆ ನೋಡಿದ. ಗಂಟಲು ಸರಿಮಾಡಿಕೊಂಡ. “ಅದು... ಸಸ್ಯವರ್ಗಕ್ಕೆ ಸೇರಿದ ಒಂದು ಮರ,” ಅಂದ.

ಸುಬ್ಬಣ್ಣನವರು ಪೆನ್ನಿನ ಕ್ಯಾಪು ತೆಗೆದರು. ‘ಆತ್ಮವಿಶ್ವಾಸ ಸಾಲದು. ಪಾಠ ಮತ್ತೆ ಕೊಡತಕ್ಕದ್ದು. ಈ ಸಲ ತರಗತಿಯ ಹೊರಗೆ, ಹತ್ತು ಮರಗಳ ಬಗ್ಗೆ’ ಎಂದು ಬರೆದು, ಕ್ಯಾಪು ಮುಚ್ಚಿ, ಎದ್ದು ಹೋದರು.

ಪಾಪ, ಸುದರ್ಶನನ ತಪ್ಪೂ ಅಲ್ಲ. ಅವನು ಶ್ರೀರಂಗಪಟ್ಟಣದ ದೇವಸ್ಥಾನದ ಬೀದಿಯ ಹುಡುಗ. ಗಿಡಮರಗಳೆಲ್ಲ ಅವನಿಗೆ ಪರಿಚಯವಾದದ್ದು ಪೂಜೆಯ ತಟ್ಟೆಯಲ್ಲಿ. ಅರಳಿ ಎಲೆಯನ್ನು ಬಾಳೆಲೆಯ ತುದಿಯಲ್ಲಿಟ್ಟರೆ ಅರಳಿ ಎಂದು ಹೇಳಬಲ್ಲ. ಅತ್ತಿಯನ್ನು ಒಣಗಿಸಿ, ಗೇಣುದ್ದ ಕತ್ತರಿಸಿ, ದಾರ ಕಟ್ಟಿ ಹೋಮದ ಸಮಿತ್ತು ಮಾಡಿಕೊಟ್ಟರೆ ಕಣ್ಣು ಮುಚ್ಚಿಕೊಂಡು ಅತ್ತಿ ಅಂದಾನು. ಅದೇ ಅತ್ತಿ ನೆಲದ ಮೇಲೆ ನೆಟ್ಟಗೆ ನಿಂತು, ಎಲೆ ಬಿಟ್ಟು, ಹಕ್ಕಿ ಕೂರಿಸಿಕೊಂಡರೆ ಅವನ ಪಾಲಿಗೆ ಅದು ಬರೀ ಮರ.

ಕಾಲೇಜಿನ ಪ್ರಜ್ಞ ಮೇಡಂ ಪರಿಸರ ಬೋಧನೆಯ ತರಬೇತಿಯ ಮೊದಲ ದಿನವೇ ಹೇಳಿದ್ದರು: “ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಮಕ್ಕಳ ಜೊತೆ ಸೇರಿ ಹುಡುಕಿ. ಆತ್ಮವಿಶ್ವಾಸ ಬರೋದು ಅಲ್ಲಿಂದ.” ಸುದರ್ಶನ ಅದನ್ನು ನೋಟ್ಸಿನಲ್ಲಿ ದುಂಡಾಗಿ ಬರೆದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ. ನಂಬಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ಬಿ.ಎಡ್. ಯಾಕೆ ಬೇಕು ಅನ್ನುವುದು ಅವನ ವಾದ. ಈ ಸಲ ಪಾಠ ಕೆಟ್ಟರೆ ಒಂದು ವರ್ಷವೇ ಹೋಯಿತು. ಅವನ ತಾಯಿ ತುಳಸಮ್ಮ ಬೇರೆ, ಮಗ ಆಗಲೇ ಮೇಷ್ಟ್ರಾಗಿದ್ದಾನೆ ಎಂದು ಬೀದಿಯ ಎರಡೂ ಸಾಲಿಗೆ ಹೇಳಿ ಮುಗಿಸಿದ್ದರು.

ಸಹಾಯಕ್ಕೆ ನಿಂತವನು ಸಹಪಾಠಿ ಸಂತೋಷ್. ಕೆ.ಆರ್. ಪೇಟೆ ಕಡೆಯ ಶೀಳನೆರೆಯವನು, ಬೇಸಾಯದ ಮನೆಯವನು. ಮೂರು ದಿನ ಗೆಳೆಯನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮರ ತೋರಿಸಿದ. ನಾಲ್ಕನೇ ದಿನ ಸುದರ್ಶನ ಹೊಂಗೆಗೆ ಬೇವು ಅಂದ, ಬೇವಿಗೆ ಕರಿಬೇವು ಅಂದ.

“ಅಯ್ನೋರೇ, ನಿಮ್ ತಲೆ ತುಂಬ ಮಂತ್ರ ತುಂಬ್ಬುಟ್ಟದೆ. ಮರ ನಿಲ್ಲಾಕೆ ಜಾಗ ಇಲ್ಲ ಕಣ್ಲಾ,” ಎಂದು ಸಂತೋಷ್ ಕೈ ಚೆಲ್ಲಿದ. ಆಮೇಲೆ ಹೊಳೆಯಿತು. “ಒಂದ್ ಕೆಲ್ಸ ಮಾಡು. ಮರಕ್ಕೆ ನಂಬರ್ ಆಕ್ಬುಡು. ಎಸ್ರು ಚೀಟೀಲಿ ಬರ್ಕೊ. ನಂಬರ್ ನೋಡು, ಎಸ್ರು ಒದ್ರು. ಯಾವನ್ಲಾ ಕೇಳ್ತಾನೆ?”

ಗುರುವಾರ ಬೆಳಿಗ್ಗೆ ಆರೂವರೆಗೆ ಇಬ್ಬರೂ ಕೊಪ್ಪಲಿನಲ್ಲಿದ್ದರು. ಶಾಲೆಯ ಕಾಂಪೌಂಡಿಗೆ ಬಳಿದು ಉಳಿದಿದ್ದ ಸುಣ್ಣದ ಡಬ್ಬ ವರಾಂಡದಲ್ಲೇ ಸಿಕ್ಕಿತು, ಬ್ರಷ್ಷೂ ಅದರಲ್ಲೇ ಇತ್ತು. ಶಾಲೆಯಿಂದ ನಾಲೆಯ ಸೇತುವೆವರೆಗೆ ಸಂತೋಷ್ ಮುಂದೆ ಮುಂದೆ ಹೆಸರು ಹೇಳುತ್ತ ಹೋದ. ಸುದರ್ಶನ ಹಿಂದೆ ಹಿಂದೆ ಬರೆಯುತ್ತ ಹೋದ. ಒಂದು ಹೊಂಗೆ, ಎರಡು ಬೇವು, ಮೂರು ಹುಣಸೆ, ನಾಲ್ಕು ಆಲ, ಐದು ನೇರಳೆ, ಆರು ಅರಳಿ, ಏಳು ಅತ್ತಿ, ಹೀಗೆ ಹತ್ತರವರೆಗೆ. ಪರೀಕ್ಷಕರು ಮೆಚ್ಚಲಿ ಎಂದು ಕನ್ನಡ ಅಂಕಿಗಳಲ್ಲೇ ಬರೆದ. ಎದೆಯ ಎತ್ತರದಲ್ಲಿ ಬರೆದದ್ದರಿಂದ ಕತ್ತು ಎತ್ತಿ ಮರವನ್ನು ನೋಡುವ ತೊಂದರೆಯೇ ಬರಲಿಲ್ಲ.

“ಆಯ್ತು ಬುಡು, ನೀನಿನ್ನು ಮರಗಳ ಅಪ್ಪ,” ಎಂದು ಬೆನ್ನು ತಟ್ಟಿ ಸಂತೋಷ್ ತನ್ನ ಪಾಠಕ್ಕೆಂದು ಕಿರಂಗೂರಿನ ಕಡೆ ಬೈಕು ಓಡಿಸಿದ.

ಸುದರ್ಶನನಿಗೆ ಬಹಳ ದಿನದ ಮೇಲೆ ಎದೆ ಹಗುರವಾಯಿತು. ಆದರೂ ಒಂದು ಕೈ ಮೇಲಿರಲಿ ಎಂದು, ಶಾಲೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಾಲೀಮಿಗೆ ಶುರುವಿಟ್ಟ. ತರಬೇತಿ ಪಾಠಕ್ಕೆ ಮೊದಲು ಮಕ್ಕಳಿಗೆ ಉತ್ತರ ಹೇಳಿಕೊಡುವುದು ಅವನು ಕಂಡುಹಿಡಿದ ಪದ್ಧತಿಯೇನಲ್ಲ. ಬಿ.ಎಡ್. ಎಷ್ಟು ಹಳೆಯದೋ ಅದೂ ಅಷ್ಟೇ ಹಳೆಯದು.

“ಮೂರನೇ ನಂಬರು?”

“ಉಣಸೆ ಸಾ!”

“ಐದು?”

“ನೇರಳೆ ಸಾ!”

ಶ್ವೇತ ಮತ್ತೆ ಎದ್ದಳು. “ಸಾ, ನಂಬರ್ ಯಾಕೆ ಸಾ? ಮರ ನೋಡುದ್ರೇ ಗೊತ್ತಾಯ್ತದಲ್ಲ?”

“ಕೂತ್ಕೋ. ಸಾಹೇಬ್ರ ಮುಂದೆ ನಾನು ನಂಬರು ಕೇಳಿದಾಗ ನಾನು ಹೇಳಿಕೊಟ್ಟ ಹೆಸರೇ ಹೇಳಬೇಕು. ತಪ್ಪಿಲ್ಲದೆ ಹೇಳಿದರೆ ಎಲ್ಲರಿಗೂ ಕಡಲೆಮಿಠಾಯಿ.”

ಕಡಲೆಮಿಠಾಯಿ ಎಂದ ಮೇಲೆ ಮಕ್ಕಳು ಮರು ಪ್ರಶ್ನೆ ಕೇಳಲಿಲ್ಲ.

ಹತ್ತು ಗಂಟೆಗೆ ಬಾಗಿಲಲ್ಲಿ ಒಂದು ಕುಡುಗೋಲು ಕಾಣಿಸಿತು. ಅದರ ಹಿಂದೆ ಚಿಕ್ಕಬೋರಮ್ಮ. ಎಪ್ಪತ್ತು ದಾಟಿದ ಮುದುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

“ಯಾವನ್ಲಾ ಅವ್ನು, ನನ್ ಉಣಸೆ ಮರಕ್ಕೆ ನಂಬರ್ ಗೀಚಿರೋನು?”

ಸುದರ್ಶನ ಸುಣ್ಣ ಮೆತ್ತಿದ ಬಲಗೈಯನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಬಿಟ್ಟ. “ಅಜ್ಜೀ, ಅದು ಕಡಿಯೋಕಲ್ಲ. ಪಾಠಕ್ಕೆ.”

“ಪಾಠಕ್ಕೆ ಮರುಕ್ಯಾಕ್ಲಾ ನಂಬರು? ಮರ ಏನು ಪರೀಕ್ಸೆ ಬರೀತದಾ?”

“ನಿಜವಾಗ್ಲೂ ಅಜ್ಜಿ, ಒಂದು ಕೊಂಬೆ ಕೂಡ ಮುಟ್ಟಲ್ಲ.”

“ನಾಗಮಂಗಲದ ತಾವು ನನ್ ಮಗಳ ಊರಲ್ಲೂ ಇಂಗೇ ಅಂದ್ರು. ಒಂದು ವಾರ ನಂಬರ್ ಬರುದ್ರು. ಮುಂದಿನ್ ವಾರ ನೋಡುದ್ರೆ ಮರಾನೂ ಇಲ್ಲ, ನೆಳ್ಳೂ ಇಲ್ಲ. ನಾನು ಮದ್ವೆಯಾಗಿ ಬಂದಾಗ ನನ್ ಅತ್ತೆ ನೆಟ್ಟಿದ್ದು ಕಣ್ಲಾ ಅದು!”

ಮರಗಳ ಹೆಸರು ನನಗೆ ಗೊತ್ತಿಲ್ಲ, ಅದಕ್ಕೇ ನಂಬರು ಎಂದು ಒಂದೇ ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಇಪ್ಪತ್ತೆಂಟು ಮಕ್ಕಳು ಕಿವಿ ನಿಮಿರಿಸಿಕೊಂಡು ಕೂತಿದ್ದರು. ಸುದರ್ಶನ ಎದೆಯುಬ್ಬಿಸಿ, “ಇದು ಸರ್ಕಾರದ ತರಬೇತಿ ಕಾರ್ಯಕ್ರಮದ ಒಂದು ಭಾಗ,” ಅಂದುಬಿಟ್ಟ.

ಸರ್ಕಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚಿಕ್ಕಬೋರಮ್ಮನಿಗೆ ಉಳಿದಿದ್ದ ಒಂದಿಷ್ಟು ಅನುಮಾನವೂ ಹೋಯಿತು. ಕಡಿಯುವುದು ಖಂಡಿತ ಎಂದುಕೊಂಡು, ತೆಂಗಿನ ನಾರೂ ನೀರಿನ ಚೊಂಬೂ ಹಿಡಿದು ನೇರವಾಗಿ ಮರದ ಬುಡಕ್ಕೆ ನಡೆದಳು.

ಅವಳು ಹೋದ ಹಿಂದೆಯೇ ಮರಿಸ್ವಾಮಿ ಬಂದ. ನಾಲೆ ಬದಿಯ ಗದ್ದೆಯವನು, ಹೆಗಲ ಮೇಲೆ ಟವೆಲು, ಮುಖದ ತುಂಬ ನಗು.

“ಸಾ, ನೀವೇ ಅಂತಲ್ಲ ಆಫೀಸರು. ನಮ್ ಗದ್ದೆ ಮ್ಯಾಲಿರೋ ಮಳೆಮರ ಸಿಕ್ಕಾಪಟ್ಟೆ ಬೆಳ್ದೋಗದೆ ಸಾ. ನೆಳ್ಳು ಬಿದ್ದು ಎರಡು ಮಡಿ ಬತ್ತ ಏಳಾಕಿಲ್ಲ. ಅದ್ಕೂ ಒಂದ್ ನಂಬರ್ ಆಕ್ಬುಡಿ, ಪುಣ್ಯ ಬತ್ತದೆ.”

“ಆಗಲ್ಲ ಕಣ್ರೀ. ಹತ್ತು ಅಂದ್ರೆ ಹತ್ತೇ. ಒಂದು ಹೆಚ್ಚೂ ಇಲ್ಲ, ಒಂದು ಕಮ್ಮಿಯೂ ಇಲ್ಲ,” ಎಂದು ಸುದರ್ಶನ ಅವನನ್ನು ಸಾಗಹಾಕಿದ. ಸಾಗಹಾಕಿದೆ ಎಂದುಕೊಂಡ ಅನ್ನಬೇಕು. ಮರಿಸ್ವಾಮಿ ಹೋಗುವಾಗ ವರಾಂಡದಲ್ಲಿದ್ದ ಸುಣ್ಣದ ಡಬ್ಬವೂ ಅವನ ಜೊತೆಗೇ ಹೋಯಿತು.

ಮೂರನೇ ನಂಬರನ್ನು ಗಸಗಸ ಉಜ್ಜುತ್ತಿದ್ದ ಚಿಕ್ಕಬೋರಮ್ಮನನ್ನು ಮರಿಸ್ವಾಮಿ ತಡೆದ. “ಅಮ್ಮೋ, ಸುಮ್ನೆ ಅಳಿಸ್ಬ್ಯಾಡ. ಹತ್ತು ಅಂತ ಲೆಕ್ಕ ಬರ್ಕಂಡವ್ರೆ. ಒಂದು ಕಮ್ಮಿ ಬಿದ್ರೆ ಉಡಿಕ್ಕೊಂಡು ಬತ್ತಾರೆ. ಆ ಮೂರ್ನ ನಂಗೆ ಕೊಡು. ಎದುರ್ಗಿರೋ ನನ್ ಮಳೆಮರುಕ್ಕೆ ಬರ್ಕೊತೀನಿ. ನಿನ್ ಮರಾನೂ ಉಳೀತು, ಅವರ್ ಲೆಕ್ಕಾನೂ ಉಳೀತು.”

ಕೊಪ್ಪಲಿಗೆ ಈ ನ್ಯಾಯ ಹೊಸದಲ್ಲ. ಮೇಲಿನವರಿಗೆ ಬೇಕಾದದ್ದು ಸಂಖ್ಯೆ; ಅದು ಸರಿಯಾಗಿದ್ದರೆ ಯಾವ ಕುರಿ, ಯಾವ ಕೋಳಿ ಎಂದು ಯಾರೂ ಬಂದು ಮುಖ ನೋಡುವುದಿಲ್ಲ. ನಂಬರನ್ನು ಅಳಿಸುವುದು ತಪ್ಪು. ಆದರೆ ರಸ್ತೆ ದಾಟಿಸುವುದು ತಪ್ಪಲ್ಲ.

ಸುದ್ದಿ ಹಾಲಿಗೆ ಹೆಪ್ಪು ಬಿದ್ದಂತೆ ಊರಿಗೆಲ್ಲ ಹಬ್ಬಿತು ಅನ್ನಬೇಕೆಂದರೆ ಅಷ್ಟು ಹೊತ್ತೂ ಹಿಡಿಯಲಿಲ್ಲ. ಮಂಗಳಮ್ಮ ತನ್ನ ನೇರಳೆ ಮರದ ಐದನ್ನು ಒರೆಸಿ, ಎದುರುಗಡೆಯ ವಾರಗಿತ್ತಿ ಪುಟ್ಟತಾಯಮ್ಮನ ತೆಂಗಿನ ಮರಕ್ಕೆ ಬರೆಸಿದಳು. ಇಬ್ಬರಿಗೂ ಮಾತು ಬಿಟ್ಟು ಆರು ವರ್ಷ. ಅದರಿಂದ ಅನುಮತಿ ಕೇಳುವ ಪ್ರಮೇಯ ಬರಲಿಲ್ಲ. ಅತ್ತಿಮರ ದಾಸಯ್ಯನ ಕೊಟ್ಟಿಗೆಗೆ ನೆರಳು. ಸಾಧು ಮನುಷ್ಯ, ಯಾರ ಮರಕ್ಕೆ ಬರೆದರೂ ಜಗಳ ಎಂದು ಏಳನ್ನು ಪಕ್ಕದ ಕರೆಂಟು ಕಂಬಕ್ಕೆ ಬರೆದ. ಆರನೆಯದಾದ ಅರಳಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಕಟ್ಟೆಯ ಮೇಲೆ ನಾಗರಕಲ್ಲುಗಳಿದ್ದವು. ತನ್ನ ಮರವನ್ನು ಹೇಗೆ ಉಳಿಸಿಕೊಳ್ಳಬೇಕೆಂದು ನಾಗಪ್ಪನಿಗೆ ಗೊತ್ತು ಎಂದು ಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಹತ್ತು ನಂಬರೂ ಅದೇ ಕ್ರಮದಲ್ಲಿ, ಅದೇ ಎದೆಯೆತ್ತರದಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು. ಲೆಕ್ಕದಲ್ಲಿ ಒಂದು ಅಂಕಿಯೂ ಹೆಚ್ಚುಕಮ್ಮಿ ಇರಲಿಲ್ಲ.

ಇದಾವುದೂ ಸುದರ್ಶನನಿಗೆ ತಿಳಿಯದು. ಅವನು ಒಳಗೆ ಕೂತು ಒಂಬತ್ತನೇ ಸಲ ತಾಲೀಮು ನಡೆಸುತ್ತಿದ್ದ.

ಎರಡೂವರೆಗೆ ಸುಬ್ಬಣ್ಣನವರು ಆಟೋದಿಂದ ಇಳಿದರು. ಮೆರವಣಿಗೆ ಹೊರಟಿತು. ಮುಂದೆ ಸುದರ್ಶನ, ಅಂಗೈಯಲ್ಲಿ ಚೀಟಿ. ಅವನ ಹಿಂದೆ ಮಕ್ಕಳು. ಅವರ ಹಿಂದೆ ಸುಬ್ಬಣ್ಣನವರು. ಎಲ್ಲರಿಗಿಂತ ಹಿಂದೆ, ಆಫೀಸರು ಈಗ ಏನು ಮಾಡುತ್ತಾನೋ ನೋಡೋಣ ಎಂದು ಅರ್ಧ ಊರು. ಚಿಕ್ಕಬೋರಮ್ಮನ ಕೈಯಲ್ಲಿ ಕುಡುಗೋಲು ಹಾಗೇ ಇತ್ತು, ಮರಿಸ್ವಾಮಿಯ ಕೈಯಲ್ಲಿ ಸುಣ್ಣದ ಡಬ್ಬವೂ ಹಾಗೇ ಇತ್ತು.

“ಮಕ್ಕಳೇ, ಇದು ಒಂದನೆಯದು. ಹೊಂಗೆ!” ಸರಿಯಾಗಿತ್ತು. “ಎರಡನೆಯದು ಬೇವು!” ಅದೂ ಸರಿ. ಸುಬ್ಬಣ್ಣನವರ ತಲೆ ಒಂದಿಷ್ಟು ತೂಗಿತು. ಸುದರ್ಶನನ ದನಿ ತಾನಾಗಿ ಏರಿತು. ಈ ದನಿ ನನ್ನದೇನಾ ಎಂದು ಅವನಿಗೇ ಆಶ್ಚರ್ಯ.

ಮೂರನೇ ನಂಬರು ರಸ್ತೆಯ ಆಚೆ ಬದಿಯಲ್ಲಿತ್ತು. ಬೆಳಿಗ್ಗೆ ಈಚೆ ಬದಿಯಲ್ಲಿ ಇದ್ದ ಹಾಗಿತ್ತಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಆತ್ಮವಿಶ್ವಾಸ ಅನ್ನುವುದು ಇಳಿಜಾರಿನ ಸೈಕಲ್ಲಿನಂತೆ, ನಡುವೆ ನಿಲ್ಲಿಸಲಾಗುವುದಿಲ್ಲ.

“ಮೂರನೆಯದು,” ಎಂದು ಮಳೆಮರದ ಬೊಡ್ಡೆಗೆ ಕೈ ತಟ್ಟಿದ, “ಹುಣಸೆ!”

ಸುಬ್ಬಣ್ಣನವರು ಕತ್ತೆತ್ತಿ ಮರ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. “ಹೌದೇನ್ರಪ್ಪಾ?” ಎಂದು ಮಕ್ಕಳನ್ನು ಕೇಳಿದರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಕಡೆ ಹುಟ್ಟಿದಾಗಿನಿಂದ ಕಂಡ ಮರ, ಇನ್ನೊಂದು ಕಡೆ ಕಡಲೆಮಿಠಾಯಿ.

“ಉಣಸೇ ಸಾ!” ಎಂದು ಶ್ವೇತ ಕೂಗಿದಳು. “ಉಣಸೇ!” ಎಂದು ಇಪ್ಪತ್ತೇಳು ಕಂಠಗಳು ಕೂಡಿಕೊಂಡವು.

ನಾಲ್ಕನೆಯದು ಸದ್ಯ ಆಲವೇ ಆಗಿತ್ತು. ಐದನೇ ನಂಬರಿನ ಮುಂದೆ ಸುದರ್ಶನ ಬಂದು ನಿಂತ. ಅವನಿಗೆ ಮರ ಗೊತ್ತಿಲ್ಲ, ನಿಜ. ಆದರೆ ತೆಂಗಿನ ಮರ ಗೊತ್ತಿಲ್ಲದಷ್ಟು ಅಲ್ಲ. ಚೀಟಿ ನೋಡಿದ. ನೇರಳೆ. ಮೇಲೆ ನೋಡಿದ. ಎಳನೀರಿನ ಗೊಂಚಲು. ಮತ್ತೆ ಚೀಟಿ ನೋಡಿದ. ಅಷ್ಟರಲ್ಲಿ ಮಕ್ಕಳೇ ತಡೆಯಲಾರದೆ, “ನೇರಳೇ ಸಾ!” ಎಂದು ಬಿಟ್ಟರು.

“ಓಹೋ,” ಅಂದರು ಸುಬ್ಬಣ್ಣನವರು. “ಈ ನೇರಳೆ ಹಣ್ಣನ್ನ ಏನು ಮಾಡ್ತೀರಮ್ಮಾ?”

“ಒಡ್ದು, ತುರ್ದು, ಚಟ್ನಿ ಮಾಡ್ತೀವಿ ಸಾ,” ಅಂದಳು ಶ್ವೇತ, ಮುಖದ ಒಂದು ಗೆರೆಯೂ ಅಲುಗದೆ.

ಹಿಂದೆ ನಿಂತಿದ್ದ ಪುಟ್ಟತಾಯಮ್ಮನಿಗೆ ತನ್ನ ಮರದ ಮೇಲಿನ ನಂಬರು ಕಂಡದ್ದು ಆಗಲೇ. ಆರು ವರ್ಷ ಬಿಟ್ಟಿದ್ದ ಮಾತನ್ನು ಅವಳು ಅಲ್ಲೇ ಶುರು ಮಾಡಿದಳು, ಮಂಗಳಮ್ಮನೂ ಸುಮ್ಮನಿರಲಿಲ್ಲ. ಆ ಗದ್ದಲದಲ್ಲಿ ಸುದರ್ಶನ ಆರನೆಯ ಅರಳಿಯನ್ನು ಹೆಸರೂ ಹೇಳದೆ ಅವಸರವಾಗಿ ದಾಟಿದ. ಚೀಟಿಯ ಹತ್ತರಲ್ಲಿ ಅವನು ಚೀಟಿ ನೋಡದೆ ಗುರುತಿಸಿದ ಒಂದೇ ಮರ ಅದು. ಅದರ ಕಡೆ ಯಾರೂ ಗಮನ ಕೊಡಲಿಲ್ಲ.

ಏಳನೇ ನಂಬರು ಕಂಬದ ಮೇಲಿತ್ತು.

ಎಲ್ಲರೂ ಕತ್ತೆತ್ತಿ ಕಂಬ ನೋಡಿದರು. ತಂತಿಯ ಮೇಲೆ ಕೂತಿದ್ದ ಕಾಗೆ ಕೂಡ ಕತ್ತು ಬಗ್ಗಿಸಿ ನೋಡಿತು. ಸುದರ್ಶನ ಬಾಯಿ ತೆರೆದ. ಹೇಳಿಕೊಟ್ಟಿದ್ದನ್ನು ಮರೆಯದ ಮಕ್ಕಳು ಅವನಿಗಿಂತ ಮೊದಲೇ ಒಕ್ಕೊರಲಿನಿಂದ ಕೂಗಿದರು.

“ಅತ್ತೀಮರಾ ಸಾ!”

“ಥೂ ನಿನ್ ಮನೆ ಕಾಯ್ವೋಗ!” ಜನರನ್ನು ಸೀಳಿಕೊಂಡು ಚಿಕ್ಕಬೋರಮ್ಮ ಮುಂದೆ ಬಂದಳು. “ಕೂಸುಗಳ ಬಾಯಲ್ಲಿ ಕರೆಂಟ್ ಕಂಬಾನ ಅತ್ತಿಮರ ಅನ್ನುಸ್ತೀಯಲ್ಲೋ! ನೀನು ಮರ ಕಡಿಯಾಕ್ ಬಂದೋನಲ್ಲ, ಊರ್ನೇ ಕಡಿಯಾಕ್ ಬಂದೋನು!”

ಸುದರ್ಶನನ ಕೈಯಿಂದ ಚೀಟಿ ಜಾರಿತು. ಅಳು ಬಂದುಬಿಟ್ಟಿತ್ತು. ನಾಚಿಕೆಯಾಯಿತು, ತನ್ನನ್ನು ಉಳಿಸಲು ಹೋಗಿ ಸುಳ್ಳಾಡಿದ ಮಕ್ಕಳ ಮುಖ ನೋಡಿದಾಗ ಇನ್ನೂ ಹೆಚ್ಚು ನಾಚಿಕೆಯಾಯಿತು.

“ಅಜ್ಜಿ, ನನಗೆ ಮರಗಳ ಹೆಸರು ಗೊತ್ತಿಲ್ಲ,” ಅಂದ. “ಒಂದೂ ಗೊತ್ತಿಲ್ಲ. ಗುರುತಿಗೆ ಇರಲಿ ಅಂತ ನಂಬರು ಬರೆದೆ. ಅಷ್ಟೇ. ಮಕ್ಕಳದ್ದು ತಪ್ಪಿಲ್ಲ ಸಾರ್. ಎಲ್ಲ ನಾನು ಹೇಳಿಕೊಟ್ಟದ್ದು.”

ಚಿಕ್ಕಬೋರಮ್ಮ ಅವನನ್ನೇ ನೋಡಿದಳು. ಕುಡುಗೋಲು ಇಳಿಯಿತು. ಹೊಟ್ಟೆಯೊಳಗಿಂದ ನಗು ಎದ್ದು ಬಂತು.

“ಎಸ್ರು ಗೊತ್ತಿಲ್ದೆ ನಂಬರ್ ಆಕುದ್ಯಾ? ಅಲ್ಲ ಕಣಪ್ಪ, ನಿನ್ ಎತ್ತವ್ವ ನಿಂಗೆ ಎಸ್ರು ಮಡಗಿದ್ಲೋ, ನಂಬರ್ ಮಡಗಿದ್ಲೋ?” ಎಂದು ಅವನ ರಟ್ಟೆ ಹಿಡಿದಳು. “ಬಾ ಇಲ್ಲಿ. ಇದು ಅತ್ತಿ. ಕತ್ತೆತ್ತು. ಕಾಯಿ ನೋಡು, ರೆಂಬೆ ತುದೀಲಲ್ಲ, ಮೈಗೇ ಅಂಟ್ಕಂಡು ಬಿಟ್ಟದೆ. ಬಿಡ್ಸಿ ನೋಡು, ಒಳಗೆ ಉಳ. ಅದ್ಕೇ ನಾವು ಅತ್ತಿ ಅಣ್ಣ ಊದಿ ತಿನ್ನಾದು.”

ಸುದರ್ಶನ ಒಂದು ಹಣ್ಣು ಬಿಡಿಸಿದ. ಒಳಗಿನಿಂದ ಸಣ್ಣ ಹುಳುಗಳು ಹಾರಿದವು. ಇಪ್ಪತ್ತು ವರ್ಷ ಸಮಿತ್ತಾಗಿ ಕಟ್ಟುಗಟ್ಟಲೆ ಹಿಡಿದಿದ್ದ ಅತ್ತಿಯನ್ನು ಅವನು ಮೊದಲ ಸಲ ಮುಟ್ಟಿದಂತಾಯಿತು. “ಹುಳ ಒಳಗೆ ಹೇಗೆ ಹೋಯ್ತು ಅಜ್ಜಿ?” ಎಂದು ಕೇಳಿದ. ಚಿಕ್ಕಬೋರಮ್ಮ ಹೇಳಿದಳು, ಅವಳಿಗೆ ಗೊತ್ತಿಲ್ಲದ್ದನ್ನು ಶ್ವೇತ ಹೇಳಿದಳು, ಇಬ್ಬರಿಗೂ ಗೊತ್ತಿಲ್ಲದ್ದನ್ನು ನಾಳೆ ಕಾಯಿ ಕುಯ್ದು ನೋಡೋಣ ಎಂದುಕೊಂಡರು. ಹಾಗೇ ಹಿಂದಕ್ಕೆ ನಡೆಯುತ್ತ ಬಂದರು. ನೇರಳೆ ತೊಗಟೆಯ ಕಷಾಯ, ಹೊಂಗೆ ಸೊಪ್ಪು ತುಳಿದ ಗದ್ದೆಯ ಬೆಳೆ, ಹುಣಸೆ ಮರದಲ್ಲಿ ದೆವ್ವ ಇದೆ ಎಂದು ಅತ್ತೆ ಹೇಳುತ್ತಿದ್ದದ್ದು ಕಾಯಿ ಕದಿಯದಿರಲಿ ಎಂದು ಅನ್ನುವುದರವರೆಗೆ ಎಲ್ಲ ಬಂತು. ಮಕ್ಕಳು ಚಿಕ್ಕಬೋರಮ್ಮನ ಬಾಯನ್ನೇ ನೋಡುತ್ತಿದ್ದರು. ಸುದರ್ಶನನೂ ಮಕ್ಕಳ ಸಾಲಿನಲ್ಲೇ ನಿಂತಿದ್ದ. ಪ್ರಜ್ಞ ಮೇಡಂ ಹೇಳಿದ್ದು ನಿಜ ಎಂದು ಅವನಿಗೆ ಆ ಹೊತ್ತು ಅನ್ನಿಸಿತು. ಎದೆಯಲ್ಲಿ ಭಯವೇ ಇರಲಿಲ್ಲ.

ಕಂಬದ ಬಳಿಯಿಂದ ಹೊರಡುವಾಗ ಸುಬ್ಬಣ್ಣನವರು ಒಂದೇ ಮಾತು ಹೇಳಿದ್ದರು: “ಮೊದಲು ಆ ಕಂಬದ ಮೇಲಿನ ಅಂಕಿ ಅಳಿಸಿ.” ಮರಿಸ್ವಾಮಿ ಟವೆಲು ಒದ್ದೆ ಮಾಡಿ ಒರೆಸಿದ. ಒರೆಸಿದ ಮೇಲೆ ಅವನ ಮುಖ ಸಣ್ಣಗಾಯಿತು. ಪಾಠ, ತರಬೇತಿ ಎಂದು ಅವರು ನೂರು ಹೇಳಲಿ, ತನ್ನ ಮಳೆಮರಕ್ಕೆ ಬಿದ್ದ ನಂಬರಿನ ಮೇಲೆ ಅವನಿಗೆ ಇನ್ನೂ ನಂಬಿಕೆಯಿತ್ತು.

“ಹತ್ತರಲ್ಲಿ ಒಂದು ಕಮ್ಮಿ ಬಿತ್ತಲ್ಲ ಸಾ,” ಎಂದು ಗೊಣಗಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಎಲ್ಲರೂ ಶಾಲೆಯ ಮುಂದೆ ಬಂದು ನಿಂತರು. ಸುಬ್ಬಣ್ಣನವರು ಜಗಲಿಯ ಮೇಲೆ ಕೂತು ಪೆನ್ನಿನ ಕ್ಯಾಪು ತೆಗೆದರು. ಸುದರ್ಶನ ಕೈಕಟ್ಟಿ ನಿಂತ. ಅಷ್ಟರಲ್ಲಿ ಬೆನ್ನ ಹಿಂದೆ ಮರಿಸ್ವಾಮಿಯ ದನಿ.

“ಸಾ, ಒಸಿ ಅಂಗೇ ನಿಂತ್ಕೊಳಿ. ಬೆನ್ ಮ್ಯಾಲೆ ಏನೋ ಆಗದೆ.”

ತಣ್ಣಗೆ ಏನೋ ತಾಕಿತು. ಒದ್ದೆ ಟವೆಲಿನಿಂದ ಒರೆಸುತ್ತಿದ್ದಾನೆ ಎಂದುಕೊಂಡ ಸುದರ್ಶನನಿಗೆ ಕಣ್ಣು ತುಂಬಿ ಬಂತು. ಇಡೀ ದಿನದಲ್ಲಿ ಒಬ್ಬರಾದರೂ ಅವನ ಮೇಲೆ ಕರುಣೆ ತೋರಿಸಿದ್ದು ಅದೇ ಮೊದಲು.

“ಆಯ್ತು ಸಾ. ಈಗ ಸರ್ಯೋಯ್ತು,” ಎಂದು ಮರಿಸ್ವಾಮಿ ಸಮಾಧಾನದಿಂದ ಹಿಂದೆ ಸರಿದ.

ಸುಬ್ಬಣ್ಣನವರು ಬರೆದು ಮುಗಿಸಿ ತಲೆಯೆತ್ತಿದರು. ಅವರ ಕಣ್ಣು ಒದ್ದೆಯಾಗಿತ್ತು. “ಮೂವತ್ತು ವರ್ಷದಿಂದ ಪಾಠ ನೋಡ್ತಿದ್ದೀನಿ. ಪರಿಸರ ಅಂದ್ರೆ ಏನು ಅಂತ ಇಷ್ಟು ಚೆನ್ನಾಗಿ ಮಾಡಿದ ಪಾಠ ನೋಡಿರಲಿಲ್ಲ. ಐವತ್ತಕ್ಕೆ ನಲವತ್ತೆಂಟು!”

ಸುದರ್ಶನನಿಗೆ ಭೂಮಿ ಒಂದು ಗೇಣು ಕೆಳಗಿಳಿಯಿತು. “ಸಾರ್!” ಎಂದು ಕಾಲಿಗೆ ಬೀಳಲು ಬಗ್ಗಿದ.

“ನೀವ್ಯಾಕ್ರೀ ಬೀಳ್ತೀರಿ? ‘ಪಾಠ ಮಾಡಿದವರ ಹೆಸರು’ ಅಂತ ಕಲಂ ಇದೆ. ನಾನು ಸುಳ್ಳು ಬರೆಯಲಾರೆ. ಚಿಕ್ಕಬೋರಮ್ಮ ಅಂತ ಬರೆದಿದ್ದೀನಿ.”

“ಇನ್ನೆರಡು ಯಾಕ್ ಕಿತ್ಕಂಡ್ರಿ?” ಎಂದು ಕೇಳಿದಳು ಚಿಕ್ಕಬೋರಮ್ಮ.

“ಕುಡುಗೋಲು ಹಿಡ್ಕೊಂಡು ಪಾಠ ಮಾಡಿದ್ದಕ್ಕೆ,” ಅಂದರು ಸುಬ್ಬಣ್ಣನವರು. ಆಮೇಲೆ ಸುದರ್ಶನನ ಕಡೆ ತಿರುಗಿದರು. “ನೀವು ಆತ್ಮವಿಶ್ವಾಸದಿಂದ ಹೇಳಿದ್ದರಲ್ಲಿ ನಿಮಗೆ ಗೊತ್ತಿದ್ದದ್ದು ಒಂದೂ ಇರಲಿಲ್ಲ. ಗೊತ್ತಿದ್ದ ಅರಳಿ ಬಂದಾಗ ಬಾಯೇ ಬಿಡಲಿಲ್ಲ. ಗೊತ್ತಿಲ್ಲ ಅಂದಿರಲ್ಲ, ಅಲ್ಲಿಂದ ಕಲಿಯೋದು ಶುರುವಾಯ್ತು. ಕಲಿಸೋದು ಮುಂದಿನ ಗುರುವಾರ. ಇದೇ ರಸ್ತೆ. ನಾನು ಬರಲ್ಲ. ನಿಮ್ಮ ಪರೀಕ್ಷಕರು ಇವರೇ.”

ಚಿಕ್ಕಬೋರಮ್ಮ ಸೆರಗು ಸರಿಮಾಡಿಕೊಂಡಳು. ಪರೀಕ್ಷಕರಿಗೆ ಇರಬೇಕಾದ ಗಾಂಭೀರ್ಯ ಆಗಲೇ ಮುಖಕ್ಕೆ ಬಂದುಬಿಟ್ಟಿತ್ತು.

ಸುದರ್ಶನ ಕಿಟಕಿಯ ಪಕ್ಕದ, ಮೂರು ವಾರದ ಹಿಂದಿನ ಆ ಮರವನ್ನು ತೋರಿಸಿ, “ಅಜ್ಜಿ, ಅದೊಂದು ಹೇಳಿಬಿಡಿ. ಅದು ಯಾವ ಮರ?” ಎಂದು ಬೇಡಿಕೊಂಡ.

“ಅದ್ನ ಈಗ್ಲೇ ಯೋಳ್ಬುಟ್ರೆ ಬರೋ ಗುರ್ವಾರ ನಾನೇನ್ಲಾ ಕೇಳ್ಲಿ?” ಅಂದಳು ಚಿಕ್ಕಬೋರಮ್ಮ.

“ಸಾ, ಕಡ್ಲೆಮಿಠಾಯಿ?” ಅಂದಳು ಶ್ವೇತ.

ಬಸ್ಸಿನಲ್ಲಿ ಹಿಂದಿನ ಸೀಟಿನವರು ದಾರಿಯುದ್ದಕ್ಕೂ ಮುಸಿಮುಸಿ ನಗುತ್ತಿದ್ದರು. ತನ್ನ ಮುಖವೇ ಹಾಗಾಗಿದೆಯೇನೋ ಎಂದು ಸುದರ್ಶನ ತಿರುಗಿ ನೋಡಲಿಲ್ಲ. ಮನೆ ಸೇರಿದಾಗ ತುಳಸಮ್ಮ ಬೃಂದಾವನಕ್ಕೆ ದೀಪ ಹಚ್ಚುತ್ತಿದ್ದರು.

“ಪಾಠ ಹೇಗಾಯ್ತೋ?”

“ತುಂಬ ಚೆನ್ನಾಗಾಯ್ತಮ್ಮ. ಐವತ್ತಕ್ಕೆ ನಲವತ್ತೆಂಟು.”

“ನನ್ನಪ್ಪನೇ! ಇರು, ಎದುರುಮನೆಯವರಿಗೆ ಹೇಳಿ ಬರ್ತೀನಿ.”

“ನನಗಲ್ಲಮ್ಮ. ಚಿಕ್ಕಬೋರಮ್ಮನಿಗೆ,” ಎಂದು ಸುದರ್ಶನ ಒಳಕ್ಕೆ ನಡೆದ.

“ಯಾರೋ ಅದು ಚಿಕ್ಕಬೋರಮ್ಮ? ಲೋ, ನಿಲ್ಲು ನಿಲ್ಲು. ಬೆನ್ನ ಮೇಲೆ ಇದೇನೋ? ಸುಣ್ಣದಲ್ಲಿ ಇಷ್ಟು ದೊಡ್ಡದಾಗಿ ಏಳು ಅಂತ ಬರೆದಿದೆಯಲ್ಲೋ!”

ಸುದರ್ಶನ ಹೊಸಿಲ ಮೇಲೆ ನಿಂತುಬಿಟ್ಟ. ತಣ್ಣಗೆ ತಾಕಿದ್ದು ನೆನಪಾಯಿತು. ಈಗ ಸರ್ಯೋಯ್ತು ಅಂದದ್ದು ನೆನಪಾಯಿತು. ನಂಬರು ಬಿದ್ದದ್ದು ಮುಂದಿನ ವಾರ ಇರುವುದಿಲ್ಲ ಎಂದು ಚಿಕ್ಕಬೋರಮ್ಮ ಹೇಳಿದ್ದೂ ನೆನಪಾಯಿತು. ಪರೀಕ್ಷೆ ಮುಂದಿನ ಗುರುವಾರವೇ ಇತ್ತು.

“ಏನೋ ಇದು? ಮಾತಾಡೋ,” ಅಂದರು ತುಳಸಮ್ಮ.

“ಏನಿಲ್ಲಮ್ಮ,” ಅಂದ ಸುದರ್ಶನ. “ಒಂದು ಕಮ್ಮಿ ಬಿದ್ದಿತ್ತು. ಲೆಕ್ಕ ಸರಿಮಾಡಿದ್ದಾರೆ.”